ಸಿಮರಾನ್‌ನ ಸೇಂಟ್ ಜೇಮ್ಸ್ ಹೋಟೆಲು: ಯಾವ ಬಾಗಿಲಿನ ಹೆಸರು ನಂಬಬಹುದು, ಯಾವ ಕೋಣೆ ಹಿಡಿಯಬೇಕು

ಅಮೆರಿಕದ ಪಶ್ಚಿಮದ ಹಳೆ ಹೋಟೆಲುಗಳಿಗೆ ಒಂದು ಚಟ ಇದೆ. ಕೋಣೆಗೆ ನಂಬರ್ ಸಾಲದು, ಜೊತೆಗೆ ಕೌಬಾಯ್ ಕಾಲದ ಯಾವನಾದರೊಬ್ಬ ಪುಂಡನದೋ ಷೆರೀಫನದೋ ಹೆಸರು ಬೇಕು. ಬಾಗಿಲಿಗೆ ಫಲಕ, ಗೋಡೆಗೆ ಮಾಸಿದ ಫೋಟೋ. ಬಹುಪಾಲು ಕಡೆ ಆ ಮನುಷ್ಯ ಆ ಊರಿನ ದಿಕ್ಕಿಗೆ ತಲೆ ಹಾಕಿಯೂ ಮಲಗಿರುವುದಿಲ್ಲ.

ನ್ಯೂ ಮೆಕ್ಸಿಕೋ ರಾಜ್ಯದ ಈಶಾನ್ಯದಲ್ಲಿರುವ ಸಿಮರಾನ್ ಎಂಬ ಪುಟ್ಟ ಊರಿನ ಸೇಂಟ್ ಜೇಮ್ಸ್ ಹೋಟೆಲಿಗೂ ಇದೇ ಚಟ. ದರೋಡೆಕೋರ ಜೆಸ್ಸಿ ಜೇಮ್ಸ್, ಪೊಲೀಸನೂ ಜೂಜುಕೋರನೂ ಆಗಿದ್ದ ವೈಯಟ್ ಅರ್ಪ್, ಷೆರೀಫ್ ಬ್ಯಾಟ್ ಮಾಸ್ಟರ್ಸನ್, ಕೌಬಾಯ್ ಕಾದಂಬರಿಗಳ ಝೇನ್ ಗ್ರೇ, ಎಲ್ಲರ ಹೆಸರೂ ಇಲ್ಲಿ ಓಡಾಡುತ್ತದೆ. ಆದರೆ ಇಲ್ಲಿನ ಕಥೆಗಳಲ್ಲಿ ಒಂದು ಪಾಲಿಗೆ ಗಟ್ಟಿ ದಾಖಲೆ ಇದೆ, ಒಂದು ಪಾಲು ಇದ್ದರೂ ಇರಬಹುದು, ಉಳಿದದ್ದು ಇಸವಿ ಹಾಕಿ ನೋಡಿದ ಕೂಡಲೇ ಬಿದ್ದುಹೋಗುತ್ತದೆ. ಯಾವುದು ಯಾವುದು ಎಂದು ತಿಳಿದು ಹೋದವರಿಗೆ ಕೊಟ್ಟ ಬಾಡಿಗೆ ದಕ್ಕುತ್ತದೆ. ತಿಳಿಯದೆ ಹೋದವರು ದೆವ್ವ ಕಾಣಲಿಲ್ಲ, ಟಿವಿ ಇಲ್ಲ ಎಂದು ಗೊಣಗಿಕೊಂಡು ಬರುತ್ತಾರೆ.

ಮಕ್ಕಳನ್ನು ಸ್ಕೌಟ್‌ಗೆ ಸೇರಿಸಿರುವ ಅಮೆರಿಕದ ಕನ್ನಡದ ಮನೆಗಳಿಗೆ ಊರಿನ ಹೆಸರು ಕಿವಿಗೆ ಬಿದ್ದಿರಬಹುದು. ಫಿಲ್ಮಾಂಟ್ ಸ್ಕೌಟ್ ರಾಂಚಿನ ಕೇಂದ್ರ ಹೋಟೆಲಿನಿಂದ ದಕ್ಷಿಣಕ್ಕೆ ಐದು ಮೈಲಿಯೊಳಗೆ, ಅದೇ 21ನೇ ನಂಬರಿನ ರಾಜ್ಯ ರಸ್ತೆಯಲ್ಲಿದೆ. ಮಕ್ಕಳನ್ನು ಚಾರಣಕ್ಕೆ ಬಿಡಲು ಅಥವಾ ಕರೆದೊಯ್ಯಲು ಬರುವ ಅಪ್ಪ-ಅಮ್ಮಂದಿರಿಗೆ ತಂಗಲು ಹತ್ತಿರದ ಜಾಗಗಳಲ್ಲಿ ಇದೂ ಒಂದು. ಡೆನ್ವರಿನಿಂದ ಟಾವೋಸ್, ಸಾಂಟಾ ಫೇ ಕಡೆ ಕಾರಿನಲ್ಲಿ ಹೋಗುವವರಿಗೂ ಇದು ದಾರಿಯ ಮೇಲೆಯೇ ಸಿಗುತ್ತದೆ.

ಹೋಟೆಲಿನ ಕಥೆಗೆ ಮುಂಚೆ ಜಮೀನಿನ ಕಥೆ ಬೇಕು, ಏಕೆಂದರೆ ಇಲ್ಲಿ ಹಾರಿದ ಎಷ್ಟೋ ಗುಂಡುಗಳ ಬೇರು ಜಮೀನಿನಲ್ಲಿದೆ. ಈ ಸೀಮೆ ಮೆಕ್ಸಿಕೋದ ಕೈಯಲ್ಲಿದ್ದಾಗ, 1841ರಲ್ಲಿ, ಗವರ್ನರ್ ಮಾನುಯೆಲ್ ಆರ್ಮಿಹೋ ಇಲ್ಲಿನ ನೆಲವನ್ನು ಬೋಬಿಯೆನ್ ಮತ್ತು ಮಿರಾಂಡಾ ಎಂಬ ಇಬ್ಬರಿಗೆ ಇನಾಮು ಕೊಟ್ಟ. ಬೋಬಿಯೆನ್‌ನ ಅಳಿಯ ಲೂಸಿಯನ್ ಮ್ಯಾಕ್ಸ್‌ವೆಲ್ ಬಾಕಿ ಪಾಲುಗಳನ್ನೂ ಕೂಡಿಸಿಕೊಂಡ. ಕೊನೆಗೆ ಅಳತೆಗೆ ಬಂದದ್ದು 17,14,765 ಎಕರೆ, ಅಂದರೆ ಸುಮಾರು 6,900 ಚದರ ಕಿಲೋಮೀಟರ್. ಮ್ಯಾಕ್ಸ್‌ವೆಲ್ ಇದ್ದಾಗ ಒಕ್ಕಲುಗಳು ಬೆಳೆಯಲ್ಲಿ ಇಷ್ಟು ಪಾಲು ಎಂದು ಬಾಯಿಮಾತಿನಲ್ಲೇ ಗೇಣಿ ಕೊಟ್ಟುಕೊಂಡು ಹೇಗೋ ನಡೆಯುತ್ತಿತ್ತು. 1870ರಲ್ಲಿ ಅವನು ಅದನ್ನು ವಿದೇಶಿ ಬಂಡವಾಳದ ಕಂಪನಿಗೆ ಮಾರಿದ. ಕಂಪನಿ ಪತ್ರ ಕೇಳಿತು, ಪತ್ರ ಇಲ್ಲದವರನ್ನು ಒಕ್ಕಲೆಬ್ಬಿಸಲು ಹೊರಟಿತು. 1875ರ ಸೆಪ್ಟೆಂಬರಿನಲ್ಲಿ, ಒಕ್ಕಲುಗಳ ಪರ ಮಾತಾಡುತ್ತಿದ್ದ ಪಾದ್ರಿ ಫ್ರಾಂಕ್ಲಿನ್ ಟಾಲ್ಬಿ ದಾರಿಯಲ್ಲಿ ಕೊಲೆಯಾದ. ಅಲ್ಲಿಂದ ಶುರುವಾದ ಸೇಡಿಗೆ ಈ ಜಿಲ್ಲೆಯ ಹೆಸರಿನಿಂದ ಕೊಲ್‌ಫ್ಯಾಕ್ಸ್ ಕೌಂಟಿ ಕಾಳಗ ಎಂದು ಹೆಸರು. 1887ರಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಕಡೆಗೇ ತೀರ್ಪು ಕೊಟ್ಟಿತು.

ಈ ಗದ್ದಲದ ನಡುಮಧ್ಯೆ ಅಂಗಡಿ ತೆರೆದವನು ಹೆನ್ರಿ ಲ್ಯಾಂಬರ್ಟ್, ಫ್ರಾನ್ಸಿನಿಂದ ಬಂದ ಅಡುಗೆಯವನು. ಲಿಂಕನ್‌ಗೆ ಅಡುಗೆ ಮಾಡಿದ್ದವನು ಎಂದು ಹೋಟೆಲಿನವರು ಹೇಳಿಕೊಳ್ಳುತ್ತಾರೆ. ಹತ್ತಿರದ ಎಲಿಜಬೆತ್‌ಟೌನಿನಲ್ಲಿ ಚಿನ್ನ ಸಿಕ್ಕಿದ ಸುದ್ದಿ ಕೇಳಿ ಈ ಕಡೆ ಬಂದು, ಅಗೆಯುವುದಕ್ಕಿಂತ ಅಗೆಯುವವರಿಗೆ ಅನ್ನ-ಹೆಂಡ ಮಾರುವುದೇ ಲಾಭ ಎಂದು ಕಂಡುಕೊಂಡ. 1872ರಲ್ಲಿ ಸಿಮರಾನ್‌ನಲ್ಲಿ ಸಲೂನು, 1880ರಲ್ಲಿ ಅದಕ್ಕೆ ಸೇರಿಸಿ ಹೋಟೆಲಿನ ಕೋಣೆಗಳು. ಈ ಎರಡು ಇಸವಿ ನೆನಪಿಡಿ. ಬಾಗಿಲ ಮೇಲಿನ ಹೆಸರುಗಳನ್ನು ಅಳೆಯಲು ಇವೇ ಸೇರು-ಪಾವು.

ಮೊದಲು ಗಟ್ಟಿ ಹೆಸರು: ಕ್ಲೇ ಆಲಿಸನ್. ಇವನು ಈ ಸೀಮೆಯಲ್ಲೇ ದನದ ರಾಂಚು ಇಟ್ಟಿದ್ದವನು. ಟಾಲ್ಬಿ ಕೊಲೆಯ ಶಂಕೆಯಲ್ಲಿ ಕ್ರೂಸ್ ವೇಗಾ ಎಂಬುವನನ್ನು ಗುಂಪೊಂದು ಹಿಡಿದು ನೇಣು ಹಾಕಿತು, ಆ ಗುಂಪಿನ ಮುಂದಾಳುಗಳಲ್ಲಿ ಆಲಿಸನ್ ಒಬ್ಬ. ಸೇಡಿಗೆ ಬಂದ ಫ್ರಾನ್ಸಿಸ್ಕೋ ಗ್ರಿಯೆಗೊನನ್ನು 1875ರ ನವೆಂಬರ್ 1ರಂದು ಲ್ಯಾಂಬರ್ಟನ ಸಲೂನಿನಲ್ಲೇ ಆಲಿಸನ್ ಗುಂಡಿಕ್ಕಿ ಕೊಂದ. ಆ ಸಲೂನೇ ಈಗಿನ ಊಟದ ಹಾಲು. ಮರುವರ್ಷ ಮಾರ್ಚಿನಲ್ಲಿ ಡೇವಿ ಕ್ರಾಕೆಟ್ ಎಂಬ ಇನ್ನೊಬ್ಬ ಪುಂಡ ಇಲ್ಲೇ ಒಂಬತ್ತನೇ ಕ್ಯಾವಲ್ರಿಯ (ಕುದುರೆ ದಳದ) ಮೂವರು ಕರಿಯ ಸೈನಿಕರನ್ನು ಕೊಂದ. ಟೆಕ್ಸಸಿನ ಅಲಾಮೊ ಕಾಳಗದಲ್ಲಿ ಸತ್ತ ಪ್ರಸಿದ್ಧ ಕ್ರಾಕೆಟ್ ಅಲ್ಲ ಇವನು. ಹೆಸರು ಒಂದೇ ಎಂದು ಎಷ್ಟೋ ಜನ ತಪ್ಪು ಕಥೆ ಹೊತ್ತುಕೊಂಡು ಬರುತ್ತಾರೆ. ಆ ಮೂವರು ಸೈನಿಕರ ಹೆಸರಿನಲ್ಲೂ ಒಂದೊಂದು ಕೋಣೆ ಇದ್ದಿದ್ದರೆ ಈ ಫಲಕಗಳ ಮೇಲೆ ನನಗೆ ಇನ್ನಷ್ಟು ಗೌರವ ಬರುತ್ತಿತ್ತು.

ಇದ್ದರೂ ಇರಬಹುದು ಎನ್ನುವ ಸಾಲಿನಲ್ಲಿ ವೈಯಟ್ ಅರ್ಪ್. ಟೂಂಬ್‌ಸ್ಟೋನಿಗೆ (ಅರಿಝೋನಾದ ಊರು) ಹೋಗುವಾಗ ಇಲ್ಲಿ ತಂಗಿದ್ದ ಎಂಬುದು ಹೋಟೆಲಿನ ಮಾತು. ಅರ್ಪ್ ಕಾನ್ಸಾಸಿನ ಡಾಡ್ಜ್ ಸಿಟಿ ಬಿಟ್ಟದ್ದು 1879ರ ಸೆಪ್ಟೆಂಬರಿನಲ್ಲಿ, ಇದೇ ರಾಜ್ಯದ ಲಾಸ್ ವೇಗಸ್ ಊರಿನ ಮೇಲೆ ಹಾದು ಟೂಂಬ್‌ಸ್ಟೋನ್ ಸೇರಿದ್ದು ಡಿಸೆಂಬರಿನಲ್ಲಿ. ದಾರಿ ಹೊಂದುತ್ತದೆ. ಹಾಗಾಗಿ ಸಲೂನಿನಲ್ಲಿ ಕೂತು ಒಂದು ಗ್ಲಾಸು ಕುಡಿದಿರಲಿಕ್ಕೂ ಸಾಕು. ಆದರೆ ಕೋಣೆಗಳಾದದ್ದು 1880ರಲ್ಲಿ ಎಂಬುದೂ ಹೋಟೆಲಿನದೇ ಮಾತು. ಎರಡನ್ನೂ ಒಪ್ಪಿದರೆ, ಅವನ ಹೆಸರಿನ ಕೋಣೆಯಲ್ಲಿ ಅವನು ಮಲಗಿರಲಾರ. ಅಲ್ಲದೆ ಅವನಿಗೆ ಹೆಸರು ತಂದುಕೊಟ್ಟ ಓ.ಕೆ. ಕೊರಾಲ್ ಗುಂಡಿನ ಚಕಮಕಿ ನಡೆದದ್ದು 1881ರ ಅಕ್ಟೋಬರಿನಲ್ಲಿ, ಅದಕ್ಕೆ ಮುಂಚೆ ಅವನು ಬಂದರೂ ಲ್ಯಾಂಬರ್ಟನಿಗೆ ಅವನೊಬ್ಬ ಗಿರಾಕಿ ಅಷ್ಟೆ. ಅರ್ಪನ ಗೆಳೆಯ, ಜೂಜುಕೋರ ಡಾಕ್ ಹಾಲಿಡೇ ಕೂಡ ಇದೇ ಸಾಲು. 1879ರಲ್ಲಿ ಅವನು ಲಾಸ್ ವೇಗಸಿನಲ್ಲಿ ಸಲೂನು ನಡೆಸುತ್ತಿದ್ದ, ಇಲ್ಲಿಗೆ ಬಂದು ಹೋಗುವುದು ದೊಡ್ಡ ಮಾತಲ್ಲ.

ಜೆಸ್ಸಿ ಜೇಮ್ಸ್ ವಿಷಯಕ್ಕೆ ಬಂದರೆ ನನಗೆ ಅನುಮಾನ ಹೆಚ್ಚು. ಅತಿಥಿಗಳ ಪುಸ್ತಕದಲ್ಲಿ ಆರ್. ಎಚ್. ಹೊವರ್ಡ್ ಎಂಬ ಸಹಿ ಇತ್ತು, ಅದು ಅವನ ಸುಳ್ಳು ಹೆಸರು ಎನ್ನುವುದು ವಾದ. ಅವನು ಹೊವರ್ಡ್ ಎಂಬ ಹೆಸರು ಬಳಸುತ್ತಿದ್ದದ್ದು ನಿಜವೇ. ನ್ಯಾಶ್‌ವಿಲ್ ಕಡೆ ಜೆ. ಡಿ. ಹೊವರ್ಡ್, 1882ರ ಏಪ್ರಿಲ್ 3ರಂದು ಸೇಂಟ್ ಜೋಸೆಫಿನಲ್ಲಿ ಸಾಯುವಾಗ ಥಾಮಸ್ ಹೊವರ್ಡ್. ಆದರೆ ಅಮೆರಿಕದಲ್ಲಿ ಹೊವರ್ಡ್ ಎಂಬ ಮನೆತನದ ಹೆಸರಿನವರು ಬೀದಿಗೊಬ್ಬರು ಸಿಗುತ್ತಾರೆ. ಇನಿಷಿಯಲ್ಲೂ ಹೊಂದದ ಒಂದು ಸಹಿಯ ಮೇಲೆ ಇಡೀ ಕೋಣೆ ಕಟ್ಟುವುದು ಸ್ವಲ್ಪ ಧಾರಾಳವೇ ಆಯಿತು.

ಬಫಲೋ ಬಿಲ್ ಮತ್ತು ಬಂದೂಕಿನ ಗುರಿಗೆ ಹೆಸರಾದ ಆನಿ ಓಕ್ಲಿ ಇಬ್ಬರೂ ಇಲ್ಲಿ ಕೂತು ವೈಲ್ಡ್ ವೆಸ್ಟ್ ಎಂಬ ಕೌಬಾಯ್ ಪ್ರದರ್ಶನದ ಯೋಜನೆ ಹಾಕಿದರು ಎಂಬ ಕಥೆಯಂತೂ ಪೂರ್ತಿ ಬೀಳುತ್ತದೆ. ಪ್ರದರ್ಶನ ಶುರುವಾದದ್ದು 1883ರಲ್ಲಿ, ಒಮಾಹಾದಲ್ಲಿ. ಓಕ್ಲಿ ಆ ತಂಡ ಸೇರಿದ್ದು 1885ರಲ್ಲಿ. ಇನ್ನು ಪಶ್ಚಿಮದ ಕಾಡುಮೇಡಿನಲ್ಲಿ ದಾರಿ ತೋರಿಸಿ ಹೆಸರಾದ ಕಿಟ್ ಕಾರ್ಸನ್ ಈ ಹೋಟೆಲಿಗೆ ಬಂದಿದ್ದ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಮ್ಯಾಕ್ಸ್‌ವೆಲ್‌ಗೆ ಅವನು ಆಪ್ತ, ಹತ್ತಿರದ ರಾಯಾಡೊದಲ್ಲಿ ಬೇಸಾಯಕ್ಕೂ ಇಳಿದಿದ್ದ, ಆದರೆ ಸತ್ತದ್ದು 1868ರ ಮೇ ತಿಂಗಳಲ್ಲಿ. ಆಗ ಲ್ಯಾಂಬರ್ಟನ ಸಲೂನಿಗೆ ಅಡಿಪಾಯವೂ ಬಿದ್ದಿರಲಿಲ್ಲ.

ಫಲಕಗಳಿಗಿಂತ ಹೆಚ್ಚು ನಂಬಿಕೆಗೆ ಯೋಗ್ಯವಾದದ್ದು ಊಟದ ಹಾಲಿನ ಚಾವಣಿ. ಒತ್ತಚ್ಚಿನ ತಗಡಿನ ಚಾವಣಿಯಲ್ಲಿ ಗುಂಡು ಹೊಕ್ಕ ತೂತುಗಳನ್ನು ಹಾಗೇ ಉಳಿಸಿದ್ದಾರೆ, 22 ಎಂದು ಹೋಟೆಲಿನ ಲೆಕ್ಕ. 1901ರಲ್ಲಿ ಮಾಡು ಬದಲಿಸುವಾಗ ಲ್ಯಾಂಬರ್ಟನ ಮಕ್ಕಳು ನಾನೂರಕ್ಕೂ ಮೇಲೆ ತೂತು ಕಂಡರಂತೆ. ಮೇಲೆ ಮಲಗಿದವರಿಗೆ ಕೆಳಗಿನ ಗುಂಡು ತಾಗದಿರಲಿ ಎಂದು ನಡುವೆ ಗಟ್ಟಿ ಮರದ ಎರಡು ಪದರ ಹಾಕಿದ್ದರು ಎಂದೂ ಹೇಳುತ್ತಾರೆ. ಈ ಮನೆಯಲ್ಲಿ ಸತ್ತವರು 26 ಎಂಬ ಲೆಕ್ಕವೂ ಹೋಟೆಲಿನದೇ. ತೂತು ನೋಡಬೇಕಾದರೆ ಬೆಳಗಿನ ತಿಂಡಿಯ ಹೊತ್ತಿಗೆ ಹೋಗಿ. ರಾತ್ರಿಯ ಮಂದ ದೀಪದಲ್ಲಿ ತಗಡಿನ ಉಬ್ಬು ಚಿತ್ತಾರದ ನೆರಳೂ ತೂತಿನಂತೆಯೇ ಕಾಣುತ್ತದೆ.

ಹದಿನೆಂಟನೇ ನಂಬರ್ ಬಾಡಿಗೆಗೆ ಇಲ್ಲ. ಟಿ. ಜೆ. ರೈಟ್ ಎಂಬುವನು ಜೂಜಿನಲ್ಲಿ ಹೋಟೆಲನ್ನೇ ಗೆದ್ದು, ಕೋಣೆಗೆ ಹೋಗುವಾಗ ಬೆನ್ನಿಗೆ ಗುಂಡು ತಿಂದು, ಇನ್ನೂ ಅಲ್ಲೇ ಇದ್ದಾನೆ ಎಂಬ ಕಥೆ. ಬೀಗ ಹಾಕಿಟ್ಟಿರುತ್ತಾರೆ, ತೆಗೆಸಿ ಎಂದು ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುವವರೂ ಉಂಟು. ಪಕ್ಕದ ಹದಿನೇಳು ಲ್ಯಾಂಬರ್ಟನ ಹೆಂಡತಿ ಮೇರಿಯದು, ಅಲ್ಲಿ ಗುಲಾಬಿ ಅತ್ತರಿನ ಪರಿಮಳ ಬರುತ್ತದಂತೆ. ದೆವ್ವದ ಗಿರಾಕಿಗಳು ಈ ಎರಡು ಬಾಗಿಲಿನ ಆಸುಪಾಸಿನಲ್ಲೇ ರಾತ್ರಿಯಿಡೀ ಫೋನ್ ಹಿಡಿದು ಓಡಾಡುವುದರಿಂದ, ನಿದ್ದೆ ಬೇಕಾದವರು ಆ ಕಡೆಯ ಕೋಣೆ ತೆಗೆದುಕೊಳ್ಳದಿರುವುದು ಒಳ್ಳೆಯದು.

ಈಗ ಕೋಣೆ ಹಿಡಿಯುವ ವಿಚಾರ. ಇಲ್ಲಿ ಎರಡು ಬಗೆ: ಹಳೆ ಕಟ್ಟಡದ ಹೆಸರಿನ ಕೋಣೆಗಳು, ಅದಕ್ಕೆ ಅಂಟಿದ ಹೊಸ ಭಾಗದಲ್ಲಿ ಮೋಟೆಲ್ ಮಾದರಿಯ ಕೋಣೆಗಳು. ಹಳೆಯವುಗಳಲ್ಲಿ ಟಿವಿ, ಫೋನು ಇಲ್ಲ. ಇದು ಕೊರತೆ ಅಲ್ಲ, ಹಾಗೆಂದೇ ಇಟ್ಟದ್ದು. ಬುಕ್ ಮಾಡುವಾಗ ಯಾವ ಭಾಗ ಎಂದು ಬಾಯಿಬಿಟ್ಟು ಹೇಳದಿದ್ದರೆ ಹೊಸ ಭಾಗದ ಕೋಣೆ ಕೈಗೆ ಬರಬಹುದು, ಆಮೇಲೆ ಜೆಸ್ಸಿ ಜೇಮ್ಸ್ ಎಲ್ಲಿ ಎಂದು ಹುಡುಕುತ್ತ ಕೂರಬೇಕಾಗುತ್ತದೆ. ಸಣ್ಣ ಊರಿನ ಇಂಥ ಹೋಟೆಲುಗಳಲ್ಲಿ ಆಡಳಿತ ಬದಲಾದಂತೆ ಊಟದ ವೇಳೆ, ತೆರೆದಿರುವ ದಿನಗಳು ಎಲ್ಲ ಬದಲಾಗುತ್ತವೆ. ಬುಕಿಂಗ್ ಸೈಟಿನ ಫೋಟೋ ನಂಬದೆ ಫೋನ್ ಮಾಡಿ ನಾಲ್ಕು ಮಾತು ಕೇಳಿ: ಬಚ್ಚಲು ಕೋಣೆಯೊಳಗೇ ಇದೆಯೇ, ಹಾಸಿಗೆಯ ಅಗಲ ಎಷ್ಟು, ಕೋಣೆ ಬಾರಿನ ಮೇಲಿದೆಯೇ, ನಾವು ಬರುವ ವಾರ ಊಟದ ಹಾಲು ಯಾವ ದಿನ ಮುಚ್ಚಿರುತ್ತದೆ.

ಹಾಸಿಗೆ ಕೇಳುವುದಕ್ಕೆ ಕಾರಣ ಇದೆ. ಹಳೆ ಮಂಚಗಳಿಗೆ ಕೂರುವುದು 54 ಇಂಚು ಅಗಲದ ಡಬಲ್ ಹಾಸಿಗೆ. ಈಗಿನ ಕ್ವೀನ್ 60 ಇಂಚು. ಆರು ಇಂಚು ಏನು ಮಹಾ ಎನಿಸಬಹುದು, ನಡುವೆ ಒಂದು ಮಗು ಮಲಗಿದಾಗ ಗೊತ್ತಾಗುತ್ತದೆ.

ಈ ಕಾಲದ ಕಟ್ಟಡಗಳಲ್ಲಿ ನೀರಿನ ಪೈಪು ಬಂದದ್ದು ಗೋಡೆ ಎದ್ದು ಎಷ್ಟೋ ವರ್ಷದ ಮೇಲೆ. ಸಿಕ್ಕ ಸಂದಿಯಲ್ಲಿ ಬಚ್ಚಲು ತುರುಕಿರುತ್ತಾರೆ, ಪೈಪು ಸುತ್ತಿ ಬಳಸಿ ಬರುವುದರಿಂದ ಬಿಸಿನೀರು ತಡ. ನಮ್ಮವರಿಗೆ ಮುಖ್ಯವಾಗಿ ಹೇಳಬೇಕಾದದ್ದು ಇನ್ನೊಂದು: ಅಮೆರಿಕದ ಬಚ್ಚಲಿನ ನೆಲಕ್ಕೆ ನೀರು ಹೋಗುವ ತೂಬು ಇರುವುದಿಲ್ಲ. ಊರಿನಿಂದ ಬಂದ ಅಪ್ಪ-ಅಮ್ಮ ಅಭ್ಯಾಸಬಲದಿಂದ ಟಬ್ಬಿನ ಹೊರಗೆ ನಿಂತು ಚೊಂಬಿನಲ್ಲಿ ನೀರು ಹುಯ್ದುಕೊಂಡರೆ ಆ ನೀರು ಹಲಗೆಯ ಸಂದಿಯಲ್ಲಿ ಇಳಿದು ಕೆಳಗಿನ ಚಾವಣಿ ಸೇರುತ್ತದೆ. ಹೊಸ ಕಟ್ಟಡದಲ್ಲಿ ಇದು ಒಂದು ಕಲೆಯಷ್ಟೇ, ಇಲ್ಲಿ ನೂರು ವರ್ಷದ ತಗಡು. ಟಬ್ಬಿನೊಳಗೇ ನಿಲ್ಲಿ, ಪರದೆಯ ಅಂಚು ಟಬ್ಬಿನ ಒಳಕ್ಕೆ ಬರಲಿ. ಕಾಲು ಇರುವ ಹಳೆ ಮಾದರಿಯ ಟಬ್ಬಾದರೆ ಅಂಚು ಮೊಣಕಾಲಿನ ಮೇಲಕ್ಕೆ ಬರುತ್ತದೆ, ಹಿಡಿದುಕೊಳ್ಳಲು ಗೋಡೆಯಲ್ಲಿ ಹಿಡಿಕೆಯೂ ಇರುವುದು ಕಡಿಮೆ. ಮಂಡಿನೋವಿನವರಿಗೆ ಹೊಸ ಭಾಗದ ನೆಲ ಅಂತಸ್ತಿನ ಕೋಣೆ ಎಂದು ಈಗಲೇ ಹೇಳಿಬಿಡುತ್ತೇನೆ, ಹೆಸರಿನ ಕೋಣೆಗಳನ್ನು ನೀವು ಹಿಡಿದು ಅವರಿಗೆ ಹಗಲು ತೋರಿಸಿ. ಮೆಟ್ಟಿಲಿನ ತಾಪತ್ರಯವೂ ತಪ್ಪುತ್ತದೆ.

ದಪ್ಪ ಮಣ್ಣಿಟ್ಟಿಗೆಯ ಗೋಡೆ ಬೇಸಿಗೆಯಲ್ಲಿ ತಂಪು, ಆದರೆ ವೈಫೈಯನ್ನು ನುಂಗುತ್ತದೆ. ರಾತ್ರಿ ಆಫೀಸಿನ ಕರೆ ಇದ್ದವರು ಕೋಣೆಯನ್ನು ನಂಬಬಾರದು. ಹಳೆ ಬಾಗಿಲು ಕೀಲಿನಲ್ಲಿ ಜೋತು ಬಿದ್ದಿರುತ್ತದೆ, ಬೀಗ ತಿರುಗದಿದ್ದರೆ ಹಿಡಿಯನ್ನು ಚೂರು ಮೇಲಕ್ಕೆತ್ತಿ ನಿಮ್ಮ ಕಡೆ ಎಳೆದುಕೊಂಡು ತಿರುಗಿಸಿ, ಬಲ ಹಾಕಿದರೆ ಕೀಲಿಕೈ ಮುರಿಯುತ್ತದೆ.

ಬೆಂಗಳೂರಿನಿಂದ ತಂದ ಎಲೆಕ್ಟ್ರಿಕ್ ಕೆಟಲ್ ಇಲ್ಲಿ ಕೈಕೊಡುತ್ತದೆ. 230 ವೋಲ್ಟಿಗೆ ಮಾಡಿದ್ದನ್ನು 120 ವೋಲ್ಟಿಗೆ ಹಾಕಿದರೆ ಶಕ್ತಿ ಅರ್ಧಕ್ಕಲ್ಲ, ಕಾಲಂಶಕ್ಕೆ ಇಳಿಯುತ್ತದೆ. 1,500 ವ್ಯಾಟಿನ ಕೆಟಲ್ ಸುಮಾರು 400 ವ್ಯಾಟಿನಷ್ಟೇ ಕೆಲಸ ಮಾಡಿ, ಒಂದು ಲೀಟರ್ ಕುದಿಯಲು ಹದಿಮೂರು ನಿಮಿಷದ ಮೇಲೆ ಹಿಡಿಯುತ್ತದೆ. ಜೊತೆಗೆ ಊರು ಇರುವುದು ಸುಮಾರು 6,400 ಅಡಿ ಎತ್ತರದಲ್ಲಿ, ಅಂದರೆ ಇಲ್ಲಿನ ಬೀದಿಯೇ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಚೂರು ಮೇಲೆ. ನೀರು 93 ಡಿಗ್ರಿಯ ಆಸುಪಾಸಿಗೇ ಕುದಿಯುವುದರಿಂದ ಟೀ ಸೊಪ್ಪು ಬಣ್ಣ ಬಿಡಲು ಇನ್ನೆರಡು ನಿಮಿಷ ಬೇಕು. ಕೋಣೆಯಲ್ಲಿ ಇಂಡಕ್ಷನ್ ಒಲೆ ಇಟ್ಟು ಅನ್ನ-ಸಾರು ಮಾಡುವ ಯೋಚನೆ ಬಿಟ್ಟೇಬಿಡಿ. ಹಳೆ ವೈರಿಂಗು, ಮರದ ನೆಲ.

ಎತ್ತರದ ಮಾತು ಬಂತಲ್ಲ. ಗಾಳಿ ಒಣ. ಮೊದಲ ರಾತ್ರಿ ತಲೆನೋವು, ಮೂಗು ಒಣಗಿ ರಕ್ತ ಜಿನುಗುವುದು ಸಾಮಾನ್ಯ. ನೀರು ಹೆಚ್ಚು ಕುಡಿಯಬೇಕು, ಮಲಗುವಾಗ ಮೂಗಿಗೆ ಚೂರು ಕೊಬ್ಬರಿ ಎಣ್ಣೆ ಸವರಿದರೂ ಸಾಕು. ಹೃದಯದ, ಉಸಿರಿನ ತೊಂದರೆ ಇರುವ ಹಿರಿಯರನ್ನು ಕರೆದೊಯ್ಯುವ ಮುಂಚೆ ವೈದ್ಯರನ್ನು ಕೇಳಿ. ಹತ್ತಿರದ ಆಸ್ಪತ್ರೆ ಇರುವುದು ನಲವತ್ತು ಮೈಲಿ ಆಚೆ, ರಟೋನ್‌ನಲ್ಲಿ.

ಊಟದಲ್ಲಿ ಸಸ್ಯಾಹಾರಿಗಳು ಎಡವುವುದು ಮಾಂಸದ ತಟ್ಟೆಯಲ್ಲಿ ಅಲ್ಲ, ನೋಡಲು ಸಸ್ಯಾಹಾರ ಎನಿಸುವ ತಟ್ಟೆಯಲ್ಲಿ. ನ್ಯೂ ಮೆಕ್ಸಿಕೋದ ಅಡುಗೆಯಲ್ಲಿ ಹಸಿರು ಚಿಲಿ ಸಾಸಿಗೆ ಹಂದಿಮಾಂಸದ ತುಣುಕು ಹಾಕುವುದು ರೂಢಿ, ಬೀನ್ಸಿಗೆ ಹಂದಿಯ ಕೊಬ್ಬು, ಕೆಂಪು ಅನ್ನಕ್ಕೆ ಕೋಳಿ ಬೇಯಿಸಿದ ನೀರು. ಮೀಟ್ ಇದೆಯೇ ಎಂದರೆ ಇಲ್ಲ ಎಂದೇ ಹೇಳುತ್ತಾರೆ, ಏಕೆಂದರೆ ಅವರ ಲೆಕ್ಕದಲ್ಲಿ ಲಾರ್ಡ್ (lard, ಹಂದಿಯ ಕೊಬ್ಬು), ಬ್ರಾತ್ (broth, ಮಾಂಸ ಬೇಯಿಸಿದ ನೀರು) ಎರಡೂ ಮೀಟ್ ಅಲ್ಲ. ಆ ಎರಡು ಪದಗಳನ್ನೇ ಹಿಡಿದು ಕೇಳಿ. ಕೆಂಪೋ ಹಸಿರೋ ಎಂದು ಕೇಳಿದಾಗ ಎರಡೂ ಬೇಕಾದರೆ ಕ್ರಿಸ್‌ಮಸ್ ಎನ್ನಬೇಕು. ಖಾರ ನಮ್ಮ ನಾಲಿಗೆಗೆ ಹಿಡಿಸುವಂಥದು. ಸೋಪಪಿಯಾ ಎಂಬ ಉಬ್ಬಿದ ಕರಿದ ರೊಟ್ಟಿಗೆ ಜೇನು ಹಾಕಿಕೊಂಡು ತಿನ್ನುತ್ತಾರೆ, ಪೂರಿಯ ನೆಂಟ. ಅದನ್ನೂ ಯಾವುದರಲ್ಲಿ ಕರಿದದ್ದು ಎಂದು ಕೇಳಿಕೊಳ್ಳಿ. ಊರಿನಲ್ಲಿ ಬೇರೆ ಊಟದ ಜಾಗ ಬೆರಳೆಣಿಕೆ, ರಾತ್ರಿ ಬೇಗ ಮುಚ್ಚುತ್ತವೆ. ಅವಲಕ್ಕಿ, ಚಟ್ನಿಪುಡಿ ಕಾರಿನಲ್ಲಿರಲಿ.

ದಾರಿ: ಡೆನ್ವರಿನಿಂದ ಐ-25 ಹಿಡಿದು ರಟೋನ್ ದಾಟಿ, ಯುಎಸ್ 64ಕ್ಕೆ ತಿರುಗಿದರೆ ಒಟ್ಟು ನಾಲ್ಕು ಗಂಟೆಯ ಆಸುಪಾಸು. ಆಲ್ಬುಕರ್ಕಿಯಿಂದ ಬರುವವರು ಸ್ಪ್ರಿಂಗರ್ ದಾಟಿದ ಮೇಲೆ ರಾಜ್ಯ ರಸ್ತೆ 58 ಹಿಡಿದರೆ ಐ-25ರಿಂದ 19 ಮೈಲಿ. ಶಿಕಾಗೋ–ಲಾಸ್ ಏಂಜಲೀಸ್ ನಡುವಿನ ಸೌತ್‌ವೆಸ್ಟ್ ಚೀಫ್ ರೈಲು ರಟೋನ್‌ನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದಿನ ವಾಹನ ಮೊದಲೇ ಗೊತ್ತು ಮಾಡಿಕೊಳ್ಳದಿದ್ದರೆ ಸ್ಟೇಷನ್ನಿನಲ್ಲೇ ಕೂರಬೇಕು. ಟಾವೋಸ್ ಕಡೆಯ 64ನೇ ರಸ್ತೆ ಸಿಮರಾನ್ ಕಣಿವೆಯಲ್ಲಿ, ಪ್ಯಾಲಿಸೇಡ್ಸ್ ಎಂಬ ಕಡಿದಾದ ಬಂಡೆಗೋಡೆಯ ಬುಡದಲ್ಲಿ ಸಾಗಿ, ಈಗಲ್ ನೆಸ್ಟ್ ಕೆರೆ ದಾಟಿ, 9,100 ಅಡಿಯ ಘಾಟಿ ಹತ್ತುತ್ತದೆ. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ, ಮ್ಯಾಪನ್ನು ಮೊದಲೇ ಇಳಿಸಿಕೊಳ್ಳಿ. ಚಳಿಗಾಲದಲ್ಲಿ ಬಂಡೆಯ ನೆರಳಿನಲ್ಲಿ ಮಂಜುಗಡ್ಡೆ ಮಧ್ಯಾಹ್ನವಾದರೂ ಕರಗುವುದಿಲ್ಲ. ಜುಲೈ, ಆಗಸ್ಟಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು-ಮಳೆ ಇದ್ದದ್ದೇ, ಕಣಿವೆಯನ್ನು ಬೆಳಿಗ್ಗೆಯೇ ದಾಟುವುದು ಲೇಸು.

ಜೂನಿನಿಂದ ಆಗಸ್ಟಿನವರೆಗೆ ಫಿಲ್ಮಾಂಟ್ ಚಾರಣದ ಕಾಲ. ಮಗುವಿನ ತಂಡದ ತಾರೀಖು ಗೊತ್ತಾದ ದಿನವೇ ಕೋಣೆಗೂ ಫೋನ್ ಮಾಡಿಬಿಡಬೇಕು. ಶರತ್ಕಾಲದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗಾರರು ತುಂಬಿರುತ್ತಾರೆ. ನನ್ನ ಆಯ್ಕೆ ಸೆಪ್ಟೆಂಬರ್ ಕೊನೆಯ ವಾರದ ನಡುದಿನಗಳು. ಮೇಲಿನ ಬೆಟ್ಟಗಳಲ್ಲಿ ಆಸ್ಪೆನ್ ಮರಗಳ ಎಲೆ ಹಳದಿಗೆ ತಿರುಗಿರುತ್ತದೆ, ಹೋಟೆಲಿನ ಕಾರಿಡಾರು ಖಾಲಿ ಇರುತ್ತದೆ, ಯಾರದೂ ಇಲ್ಲದ ಕೋಣೆಗಳನ್ನು ನೋಡಬಹುದೇ ಎಂದು ವಿನಯವಾಗಿ ಕೇಳಿದರೆ ತೋರಿಸುವ ಸಂಭವ ಹೆಚ್ಚು.

ಮರುದಿನ ಅರ್ಧ ದಿನ ಊರಿಗೇ ಇಡಿ. ಮ್ಯಾಕ್ಸ್‌ವೆಲ್ 1864ರಲ್ಲಿ ಕಟ್ಟಿಸಿದ ಆಜ್ಟೆಕ್ ಗಿರಣಿ ಹೋಟೆಲಿನಿಂದ ನಡೆಯುವಷ್ಟು ದೂರ. ಮೂರು ಅಂತಸ್ತಿನ ಕಲ್ಲುಕಟ್ಟಡ, ಈಗ ಮ್ಯೂಸಿಯಂ. ಊರಿನ ಕೊಲೆಗಳ ಕಥೆಯಷ್ಟೇ ಕೇಳಿ ಹೊರಟವರಿಗೆ ಗೋಧಿ, ಕುರಿ, ಗೇಣಿಯ ಲೆಕ್ಕ ಇಲ್ಲಿ ಸಿಗುತ್ತದೆ. ಊರು ಇಷ್ಟು ಸಣ್ಣದಾಗಿ ಏಕೆ ಉಳಿಯಿತು ಎಂಬುದಕ್ಕೆ ಉತ್ತರ ರೈಲಿನದು. 1879ರ ಹೊತ್ತಿಗೆ ಹಳಿ ರಟೋನ್ ಮೇಲೆ ಹಾದು ಸಿಮರಾನನ್ನು ಪಕ್ಕಕ್ಕೆ ಬಿಟ್ಟಿತು, 1882ರಲ್ಲಿ ಕೌಂಟಿಯ ಕಚೇರಿಯೂ ಸ್ಪ್ರಿಂಗರಿಗೆ ಹೋಯಿತು. ಬೆಳೆದಿದ್ದರೆ ಈ ಹೋಟೆಲನ್ನು ಎಂದೋ ಕೆಡವಿ ಬೇರೇನೋ ಕಟ್ಟಿರುತ್ತಿದ್ದರು.

21ನೇ ರಸ್ತೆಯಲ್ಲಿ ದಕ್ಷಿಣಕ್ಕೆ ಹೊರಟರೆ ಮೊದಲು ಫಿಲ್ಮಾಂಟಿನ ಸ್ಕೌಟಿಂಗ್ ಮ್ಯೂಸಿಯಂ, ಪೆಟ್ರೋಲಿಯಂ ವ್ಯಾಪಾರಿ ವೇಟ್ ಫಿಲಿಪ್ಸ್ ಕಟ್ಟಿಸಿ ಸ್ಕೌಟಿಗೆ ದಾನ ಕೊಟ್ಟ ಬಂಗಲೆ, ಬಲಗಡೆ 9,003 ಅಡಿಯ ಟೂತ್ ಆಫ್ ಟೈಮ್ ಬಂಡೆ. ಇನ್ನೂ ಮುಂದೆ, ಸಿಮರಾನಿನಿಂದ ಸುಮಾರು ಹನ್ನೆರಡು ಮೈಲಿಗೆ ರಾಯಾಡೊ, ಅಲ್ಲಿನ ಕಿಟ್ ಕಾರ್ಸನ್ ಮ್ಯೂಸಿಯಂ ಬೇಸಿಗೆಯಲ್ಲಿ ಮಾತ್ರ ನೆಚ್ಚಿಕೊಳ್ಳುವಂಥದು. ಹೊರಡುವ ಮೊದಲು ಸಿಮರಾನಿನಲ್ಲೇ ಟ್ಯಾಂಕಿಗೆ ಪೆಟ್ರೋಲ್ ಹಾಕಿಸಿಕೊಳ್ಳಿ, ಈ ರಸ್ತೆಯಲ್ಲಿ ಬಂಕಿಲ್ಲ.